ನಾಲ್ಕು ಬೆರಳು ನೀರು

ಶಾಂಭವಿ ತಾಯಿಯ ಆಶ್ರಮದಲ್ಲಿ ಧ್ಯಾನಕ್ಕೆಂದು ಕೋಣೆ ಇರಲಿಲ್ಲ. ಎರಡು ತೊಟ್ಟಿಗಳಿದ್ದವು.

ಅಲ್ಲಿ ಹೊಳೆ ಒಂದು ದೊಡ್ಡ ಬಂಡೆಯಿಂದ ಕೆಳಗೆ ಧುಮುಕುತ್ತಿತ್ತು. ಮೇಲೊಂದು ನೀರು, ಕೆಳಗೊಂದು ನೀರು. ದೋಣಿಗಳು ಏರಲಾರವು, ಇಳಿಯಲಾರವು.

ಹಾಗಾಗಿ ಹಿಂದಿನ ಗುರುಗಳು ಯಾರೋ ಬಂಡೆಯ ಪಕ್ಕ ಒಂದು ಗೋಪುರ ಕಟ್ಟಿ, ಅದರ ನೆತ್ತಿಯಲ್ಲಿ ಗಾಲಿ ಕೂರಿಸಿ, ಗಾಲಿಯ ಮೇಲೆ ಹಗ್ಗ ಹಾಯಿಸಿ, ಹಗ್ಗದ ಎರಡು ತುದಿಗೆ ಮರದ ಎರಡು ತೊಟ್ಟಿ ತೂಗುಹಾಕಿದ್ದರು. ಒಂದೊಂದರಲ್ಲೂ ಒಂದು ದೋಣಿ ತೇಲುವಷ್ಟು ನೀರು, ದೋಣಿ ಒಳಬರಲು ಹೊಳೆಯ ಕಡೆಗೊಂದು ಬಾಗಿಲು. ಒಂದು ಇಳಿದರೆ ಇನ್ನೊಂದು ಏರುತ್ತಿತ್ತು. ದೋಣಿ ನೀರಿನಲ್ಲೇ ಕೂತು ಬಂಡೆ ಹತ್ತುತ್ತಿತ್ತು.

ಇದಕ್ಕೆ ಎತ್ತು ಬೇಡ, ಆನೆ ಬೇಡ. ಮೇಲಿನ ತೊಟ್ಟಿಗೆ ನಾಲ್ಕು ಬೆರಳು ನೀರು ಹೆಚ್ಚಾಗಿ ಬಿಡಬೇಕು, ಅಷ್ಟೆ. ಅದು ಅಷ್ಟು ಭಾರವಾಗಿ ಮೆಲ್ಲಗೆ ಇಳಿಯುತ್ತಿತ್ತು.

ನೀರು ಬಿಡುವವನು ಮೇಲೆ ನಿಲ್ಲುತ್ತಿದ್ದ. ತೊಟ್ಟಿಯ ಒಳಗೋಡೆಯಲ್ಲಿ ಎಂದಿನ ನೀರಿನ ಮಟ್ಟ ತೋರಿಸುವ ಗೆರೆಯ ಮೇಲೆ ಅಂಗೈ ಅಡ್ಡವಿಟ್ಟು, ನೀರು ಕಿರುಬೆರಳಿನಿಂದ ತೋರುಬೆರಳಿಗೆ ಏರಿದ ಕೂಡಲೇ ತೂಬು ಮುಚ್ಚಿ, "ನಾಲ್ಕು!" ಎಂದು ಕೂಗುತ್ತಿದ್ದ. ಗಾಲಿಯನ್ನು ಒತ್ತಿ ನಿಲ್ಲಿಸುವ ಉದ್ದನೆಯ ತಡೆಮರವನ್ನು ಹಿಡಿದು ಇನ್ನೊಬ್ಬ ಗೋಪುರದ ಬುಡದಲ್ಲಿ ನಿಲ್ಲುತ್ತಿದ್ದ. ಅವನು "ಬಿಟ್ಟೆ!" ಎಂದು ಕೂಗಿ ಮರವನ್ನು ಸಡಿಲಿಸುತ್ತಿದ್ದ.

ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ.

ಆ ಬೆಳಗ್ಗೆ ಮೇಲೆ ನಿಂತವನು ತಿಪ್ಪೇಶ. ಆಶ್ರಮದಲ್ಲಿ ಅವನಷ್ಟು ಮೃದು ಮನಸ್ಸಿನ ಶಿಷ್ಯ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವನೂ ಹಾಗೇ ನಂಬಿದ್ದ. ಕೆಳಗೆ ತಡೆಮರದ ಬಳಿ ನಿಂತವನು ಅವನಿಗಿಂತ ಹಿರಿಯ ಶಿಷ್ಯ ಕೊಟ್ರಯ್ಯ.

ಕೆಳಗಿನ ನೀರಿನಲ್ಲಿ ಹುಲಿಗೆವ್ವನ ದೋಣಿ ಬಂದು ತೊಟ್ಟಿಯೊಳಗೆ ಸೇರಿತು. ತುಂಬ ಚಪ್ಪಡಿ ಕಲ್ಲು. ಕಲ್ಲಿನ ಮೇಲೆ ಮುದುಕಿ ಹುಲಿಗೆವ್ವ ಒಬ್ಬಳೇ ಕೂತಿದ್ದಳು. ದೋಣಿಯ ಅಂಚು ನೀರಿಗೆ ತಾಗುವಂತಿತ್ತು.

ತಿಪ್ಪೇಶನಿಗೆ ಕರುಳು ಚುರುಕ್ಕೆಂದಿತು. ಪಾಪ, ಇಷ್ಟು ಭಾರ ನಾಲ್ಕು ಬೆರಳಿಗೆ ಏರೀತೇ ಎಂದುಕೊಂಡ. ಅಂಗೈ ತೆಗೆದು, ಮೊಳಕೈ ಮುಳುಗುವವರೆಗೂ ತೂಬಿನಿಂದ ನೀರು ಬಿಟ್ಟ.

ಆಮೇಲೆ "ನಾಲ್ಕು!" ಎಂದು ಕೂಗಿದ.

"ಬಿಟ್ಟೆ!" ಎಂದಿತು ಕೆಳಗಿನ ದನಿ.

ಮೇಲಿನ ತೊಟ್ಟಿ ಇಳಿಯಲಿಲ್ಲ, ಬಿತ್ತು. ಕೆಳಗಿನದು ಏರಲಿಲ್ಲ, ಹಾರಿತು. ತಡೆಮರ ಒದೆದುಕೊಂಡು ಕೊಟ್ರಯ್ಯನ ಬಲಗೈ ಮುರಿಯಿತು. ಹುಲಿಗೆವ್ವನ ದೋಣಿ ಮೇಲಿನ ತೊಲೆಗೆ ಬಡಿದು ಅದರ ಮೂತಿ ಸೀಳಿತು.

ಮೊದಲು ಕೇಳಿಸಿದ್ದು ಹುಲಿಗೆವ್ವನ ಬಾಯಿ.

"ಏ ತಮ್ಮಾ! ನನ್ನ ದೋಣಿ ಏನ್ ಗಾಳಿಪಟ ಅಂತ ತಿಳಿದಿಯೇನು? ನಿಮ್ಮಪ್ಪ ಬರ್ತಾನೇನು ಇದನ್ನ ಹೊಲ್ಯಾಕ?"

ಶಾಂಭವಿ ತಾಯಿ ಬಂದರು. ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಮಾತು ಕಡಿಮೆಯಾಗುತ್ತಿತ್ತು. ಕೊಟ್ರಯ್ಯನ ಕೈಗೆ ಬಿದಿರಿನ ದಬ್ಬೆ ಕಟ್ಟಿ ಮುಗಿಸುವವರೆಗೂ ಅವರು ಬಾಯಿ ತೆರೆಯಲಿಲ್ಲ. ಆಮೇಲೆ ತಿಪ್ಪೇಶನ ಕಡೆ ತಿರುಗಿದರು.

"ಏನು ತಪ್ಪು ಮಾಡಿದೆ?"

"ದೋಣಿ ಬಹಳ ಭಾರವಾಗಿತ್ತು, ತಾಯಿ."

"ದೋಣಿ ಏನು ಮಾಡಿತು ಎಂದು ಕೇಳಲಿಲ್ಲ."

ತಾಯಿ ಸೀಳಿದ ದೋಣಿಯ ಕಡೆ ಕೈ ತೋರಿಸಿದರು.

"ಹುಲಿಗೆವ್ವ ಮೇಲಿನ ಊರಿನಲ್ಲಿ ಕಲ್ಲು ಇಳಿಸಿ ಹಿಂತಿರುಗುತ್ತಾಳೆ. ಅಷ್ಟರೊಳಗೆ ನಿನ್ನ ತಪ್ಪು ಏನೆಂದು ನೀನೇ ಹೇಳಿದರೆ ಇಲ್ಲಿರು. ಇಲ್ಲವಾದರೆ ಅವಳ ದೋಣಿಯಲ್ಲೇ ಹೊರಡು."

"ತಾಯಿ, ನನಗೆ ಬೇರೆ ಮನೆ ಇಲ್ಲ."

"ಗೊತ್ತು."

ಹುಲಿಗೆವ್ವ ದೋಣಿಯಲ್ಲೇ ಕೂತು, ಸೀಳಿಗೆ ಹರಳೆಣ್ಣೆ ಸವರಿದ ನಾರು ತುರುಕುತ್ತಿದ್ದಳು. ತಾಯಿ ಗೋಪುರದ ಮೇಲೆ ಹೋದರು. ತಿಪ್ಪೇಶನನ್ನೂ ಕರೆದರು.

ಮೇಲಿನ ತೊಟ್ಟಿಯಲ್ಲಿ ಕಲ್ಲಿನ ದೋಣಿ. ಕೆಳಗಿನ ತೊಟ್ಟಿಯಲ್ಲಿ ಬರಿಯ ನೀರು. ಎರಡರ ನೀರನ್ನೂ ಗೆರೆಗೆ ಸರಿ ಮಾಡಿಸಿದರು. ಕೆಳಗೆ ತಡೆಮರ ಹಿಡಿದಿದ್ದ ಇಬ್ಬರು ಶಿಷ್ಯರಿಗೆ ಕೂಗಿ ಹೇಳಿದರು:

"ಬಿಡಿ!"

"ಬೇಡಿ ತಾಯಿ! ಕಲ್ಲಿದೆ! ಬೀಳುತ್ತದೆ!" ಎಂದು ತಿಪ್ಪೇಶ ಕಿರುಚಿ ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದಾಗ ತೊಟ್ಟಿ ಇದ್ದಲ್ಲೇ ಇತ್ತು. ಕಲ್ಲು ತುಂಬಿದ ದೋಣಿ ಒಂದು ಕಡೆ, ಬರಿಯ ನೀರು ಇನ್ನೊಂದು ಕಡೆ. ಗಾಲಿ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ.

ತಾಯಿ ತೊಟ್ಟಿಯ ಅಂಚಿನ ಮೇಲೆ ಒಂದು ಪಾದ ಇಟ್ಟು ಒತ್ತಿದರು. ದೋಣಿ, ಕಲ್ಲು, ಹುಲಿಗೆವ್ವ ಸಮೇತ ತೊಟ್ಟಿ ಒಂದು ಗೇಣು ಇಳಿಯಿತು.

"ಹಿಡಿಯಿರಿ!" ಎಂದರು ತಾಯಿ. ತೊಟ್ಟಿ ನಿಂತಿತು.

"ಏ ಯವ್ವಾ, ನೀನೂ ಶುರು ಹಚ್ಚಿಕೊಂಡ್ಯಾ?" ಎಂದಳು ಹುಲಿಗೆವ್ವ. "ಗುರು ಶಿಷ್ಯ ಇಬ್ಬರಿಗೂ ಆಡಾಕ ನಾನೇ ಬೇಕೇನು?"

ತಿಪ್ಪೇಶ ಬಗ್ಗಿ ಎರಡು ತೊಟ್ಟಿಯನ್ನೂ ನೋಡಿದ.

"ತಾಯಿ, ಕಲ್ಲಿನ ಭಾರ ಎಲ್ಲಿ ಹೋಯಿತು?"

"ಅವಳು ಕೆಳಗಿನ ಬಾಗಿಲು ದಾಟಿ ತೊಟ್ಟಿಗೆ ಬಂದಾಗ ಏನಾಯಿತು?"

"ದೋಣಿ ಒಳಗೆ ಬಂತು."

"ನೀರು?"

ತಿಪ್ಪೇಶ ಯೋಚಿಸಿದ. ದೋಣಿ ಒಳಗೆ ಬಂದರೂ ತೊಟ್ಟಿಯ ನೀರು ಗೆರೆ ಬಿಟ್ಟು ಏರಿರಲಿಲ್ಲ. ಬಾಗಿಲು ತೆರೆದೇ ಇತ್ತು.

"ಹೊರಗೆ ಹೋಯಿತು."

"ಎಷ್ಟು?"

"ದೋಣಿಗೆ ಜಾಗ ಆಗುವಷ್ಟು."

"ದೋಣಿ ತೂಗುವಷ್ಟು. ಕಲ್ಲಿನ ಸಮೇತ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ತನ್ನ ತೂಕದ ನೀರನ್ನು ಹೊಳೆಗೆ ದೂಡಿ ಅವಳು ಒಳಗೆ ಬಂದಳು. ದೋಣಿ ಬಂದ ತೊಟ್ಟಿಯೂ ಬಾರದ ತೊಟ್ಟಿಯೂ ಒಂದೇ ತೂಕ."

"ಹಾಗಾದರೆ ನನ್ನ ತಪ್ಪು ತಿಳಿಯಿತು, ತಾಯಿ. ನನಗೆ ಈ ಲೆಕ್ಕ ಗೊತ್ತಿರಲಿಲ್ಲ."

ಶಾಂಭವಿ ತಾಯಿಯ ಮುಖ ಇನ್ನೂ ಬಿಗಿಯಾಯಿತು.

"ಕೊಟ್ರಯ್ಯನಿಗೆ ಈ ಲೆಕ್ಕ ಇವತ್ತಿಗೂ ಗೊತ್ತಿಲ್ಲ. ಅವನು ಯಾರ ಕೈ ಮುರಿದಿದ್ದಾನೆ?"

ಅಷ್ಟು ಹೇಳಿ ಇಳಿದು ಹೋದರು.

ಹುಲಿಗೆವ್ವ ಮೇಲಿನ ನೀರಿಗೆ ದೋಣಿ ದಾಟಿಸಿಕೊಂಡು ಬೈಯುತ್ತಲೇ ಹೋದಳು. ಅವಳ ದನಿ ಬಹಳ ದೂರದವರೆಗೂ ಕೇಳಿಸಿತು.

ಸಂಜೆ ತಿಪ್ಪೇಶ ಮತ್ತೆ ತಾಯಿಯ ಮುಂದೆ ನಿಂತ.

"ನಾಲ್ಕು ಬೆರಳು ಎಂಬ ನಿಮ್ಮ ಮಾತು ಮೀರಿದೆ, ತಾಯಿ. ಅದೇ ನನ್ನ ತಪ್ಪು."

"ಯಾಕೆ ಮೀರಿದೆ?"

"ಕನಿಕರದಿಂದ."

"ಯಾರ ಮೇಲೆ?"

"ಹುಲಿಗೆವ್ವನ ಮೇಲೆ."

"ಅವಳು ಕೇಳಿದಳೇ?"

"ಇಲ್ಲ."

"ಕೊಟ್ರಯ್ಯನಿಗೆ ಹೇಳಿದೆಯಾ?"

"ಹೇಳಿದರೆ ಗಾಬರಿಯಾದಾನು ಎಂದು..."

ತಾಯಿ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಂತಿತು.

"ಎದ್ದು ಹೋಗು. ನನ್ನ ಕಣ್ಣ ಮುಂದೆ ಇರಬೇಡ."

ತಿಪ್ಪೇಶ ಹೋಗಿ ಕೊಟ್ರಯ್ಯನ ಚಾಪೆಯ ಪಕ್ಕ ಕೂತ. ಇನ್ನು ಅವನ ಸೇವೆಯೊಂದೇ ದಾರಿ ಎಂದು ತೀರ್ಮಾನಿಸಿದ. ಮುಖ ತೊಳೆಸಿದ. ಬೀಸಣಿಗೆ ಬೀಸಿದ. ಕಾಲು ಒತ್ತಿದ. ಗಂಜಿ ಆರಿಸಿ, ತುತ್ತು ತುತ್ತಾಗಿ ಬಾಯಿಗಿಟ್ಟ. ನಡುನಡುವೆ ಅತ್ತ.

ಮೊದಲ ದಿನ ಕೊಟ್ರಯ್ಯ ಸುಮ್ಮನಿದ್ದ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗತೊಡಗಿದ. ತಿಪ್ಪೇಶ ಬಟ್ಟಲು ಹಿಡಿದು ಆ ಕಡೆಗೂ ಹೋಗಿ ಕೂತ.

"ಒಂದು ತುತ್ತು ಅಣ್ಣ. ನನಗೋಸ್ಕರ."

"ನನ್ನ ಕೈಗೆ ಕೊಡು."

"ಬೇಡ ಅಣ್ಣ, ನಿನಗೆ ನೋವಾಗುತ್ತದೆ."

"ತಿಪ್ಪೇಶಾ, ಬಟ್ಟಲು ಕೊಡು."

"ಬಾಯಿ ತೆರೆ ಅಣ್ಣ, ನಾನಿದ್ದೇನಲ್ಲ."

ಕೊಟ್ರಯ್ಯ ಎದ್ದು ಕೂತ. ಎಡಗೈಯಿಂದ ಬಟ್ಟಲು ಕಿತ್ತುಕೊಂಡ. ಗಂಜಿಯನ್ನು ತಿಪ್ಪೇಶನ ತಲೆಯ ಮೇಲೆ ಸುರಿದ.

"ಮುರಿದಿದ್ದು ಬಲಗೈ ಕಣೋ! ಎಡಗೈ ಮುರಿದಿಲ್ಲ, ಬಾಯಿ ಮುರಿದಿಲ್ಲ! ನಾನೇನು ನಿನ್ನ ಹಸುಗೂಸೇ? ಮೇಲಿಂದ ಒಂದು ಸಲ ಸುರಿದದ್ದು ಸಾಲದು ಅಂತ ಇಲ್ಲೂ ಬಂದು ಸುರಿಯುತ್ತಿದ್ದೀಯಾ?"

ತಿಪ್ಪೇಶನಿಗೂ ರೇಗಿತು. ಅವನು ಹಾಗೆ ರೇಗಿದ್ದನ್ನು ಯಾರೂ ನೋಡಿರಲಿಲ್ಲ.

"ನಿದ್ದೆಗೆಟ್ಟು ನೋಡಿಕೊಂಡಿದ್ದಕ್ಕೆ ಇದಾ ನನಗೆ ಸಿಗುವುದು? ನಿನ್ನಂಥ ಕೃತಘ್ನನಿಗೆ..."

"ಹೇಳು, ಹೇಳು! ಈಗ ಬಂತು ನೋಡು ಸರಿಯಾದ ಮಾತು. ಇಷ್ಟು ದಿನದಲ್ಲಿ ಈಗ ಒಂದು ಸಲ ನನ್ನನ್ನು ಮನುಷ್ಯ ಅಂತ ತಿಳಿದು ಬೈದೆ."

ತಿಪ್ಪೇಶ ಗಂಜಿ ಇಳಿಯುತ್ತಿದ್ದ ಮುಖದಲ್ಲೇ ನಿಂತ. ಹೊಳೆಗೆ ಇಳಿದು ತಲೆ ತೊಳೆದುಕೊಂಡು ಕಲ್ಲಿನ ಮೇಲೆ ಬಹಳ ಹೊತ್ತು ಕೂತ.

ಮರುದಿನ ಮೇಲಿನ ನೀರಿನಲ್ಲಿ ಹುಲಿಗೆವ್ವನ ದೋಣಿ ಕಾಣಿಸಿತು. ಖಾಲಿ ದೋಣಿ, ಎತ್ತರಕ್ಕೆ ತೇಲುತ್ತಿತ್ತು. ಕೆಳಗಿನ ತೊಟ್ಟಿಯಲ್ಲಿ ಹುಲ್ಲು ತುಂಬಿದ ಇನ್ನೊಂದು ದೋಣಿ ಏರಲು ಕಾಯುತ್ತಿತ್ತು.

"ಯಾರಲೇ ಮ್ಯಾಲೆ?" ಎಂದು ಹುಲಿಗೆವ್ವ ದೂರದಿಂದಲೇ ಕೂಗಿದಳು. "ಆ ಕರುಣಾಳು ಇದ್ದರ ಹೇಳ್ರಿ, ನಾ ಈಜಿಕೊಂಡು ಇಳೀತೀನಿ!"

ತಿಪ್ಪೇಶ ತನ್ನ ಬಟ್ಟೆಯ ಗಂಟು ಹಿಡಿದು ತಾಯಿಯ ಮುಂದೆ ಬಂದ.

"ಹೊರಟೆಯಾ?" ಎಂದರು ತಾಯಿ.

"ನೀವು ಹೇಳಿದರೆ ಹೊರಡುತ್ತೇನೆ. ಮೊದಲು ನನ್ನ ಉತ್ತರ ಕೇಳಿ."

"ಹೇಳು."

"ನಾನು ಅವರನ್ನು ಭಾರ ಎಂದುಕೊಂಡೆ."

"ಯಾರನ್ನು?"

"ಹುಲಿಗೆವ್ವನನ್ನು. ಅವಳು ತನ್ನ ಭಾರವನ್ನು ಬಾಗಿಲಲ್ಲೇ ಸರಿಮಾಡಿಕೊಂಡು ಬಂದಿದ್ದಳು. ನಾನು ಎತ್ತಿದರೇ ಅವಳು ಏರುವುದು ಎಂದುಕೊಂಡೆ. ಕೊಟ್ರಯ್ಯನನ್ನೂ ಹಾಗೇ ಅಂದುಕೊಂಡೆ. ಗಾಬರಿಯಾದಾನು ಎಂದು ಅವನಿಗೆ ಹೇಳಲಿಲ್ಲ. ಕಲ್ಲಿಗೆ ಯಾರಾದರೂ ಹೇಳಿ ಎತ್ತುತ್ತಾರೆಯೇ, ಹಾಗೆ."

"ಇನ್ನು?"

ತಿಪ್ಪೇಶನ ದನಿ ಸಣ್ಣದಾಯಿತು.

"ಒಂದು ಮೊಳ ನೀರು ಬಿಟ್ಟು 'ನಾಲ್ಕು' ಎಂದು ಕೂಗಿದೆ."

"ಅದಕ್ಕೆ ಏನೆನ್ನುತ್ತಾರೆ?"

"ಸುಳ್ಳು."

"ಆ ಪದ ಬಾಯಿಗೆ ಬರಲು ಇಷ್ಟು ದಿನ ಬೇಕಾಯಿತು ನಿನಗೆ. ಮೃದು ಮನಸ್ಸು!"

ತಾಯಿಯ ಸಿಟ್ಟು ಇಳಿದಿರಲಿಲ್ಲ. ಅವರು ಒಳಗೆ ತಿರುಗಿ ಕರೆದರು.

"ಕೊಟ್ರಯ್ಯಾ! ತೂಬು ಎತ್ತಿ ಮುಚ್ಚಲು ಎಷ್ಟು ಕೈ ಬೇಕು?"

"ಒಂದು ಸಾಕು, ತಾಯಿ."

"ಎಡಗೈ ಆದೀತೇ?"

"ಆಗುತ್ತದೆ. ಸ್ವಲ್ಪ ನಿಧಾನ."

"ಮೇಲೆ ಹೋಗು. ಇವತ್ತಿನಿಂದ ನೀರು ನಿನ್ನದು."

ಕೊಟ್ರಯ್ಯ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದ. ತಿಪ್ಪೇಶ ಅವನ ತೋಳು ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟ; ಆಮೇಲೆ ಕಾಲು ಹಿಂದೆ ತೆಗೆದ.

"ಗಂಟು ಅಲ್ಲಿಡು. ತಡೆಮರದ ಬಳಿ ಹೋಗು," ಎಂದರು ತಾಯಿ.

ತಿಪ್ಪೇಶ ಗೋಪುರದ ಬುಡಕ್ಕೆ ಹೋದ. ತಾಯಿಯೂ ಬಂದು ಪಕ್ಕದಲ್ಲಿ ನಿಂತರು. ಒದೆದ ಮರದ ತುದಿಯಲ್ಲಿ ತೊಗಟೆ ಎದ್ದಿತ್ತು. ಎರಡೂ ಕೈಯಿಂದ ಹಿಡಿದ. ಮೇಲೆ ನೋಡಿದ. ಹಲಗೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಹುಲಿಗೆವ್ವನ ದೋಣಿ ಮೇಲಿನ ತೊಟ್ಟಿಗೆ ಬಂದದ್ದು ಕೇಳಿಸಿತು. ಬಾಗಿಲು ಮುಚ್ಚಿತು. ತೂಬು ತೆರೆಯಿತು. ನೀರು ಬೀಳುತ್ತಿತ್ತು. ನಾಲ್ಕು ಬೆರಳಿಗೆ ಇಷ್ಟು ಹೊತ್ತು ಬೇಕೇ ಎನ್ನಿಸಿತು ಅವನಿಗೆ. ಎಡಗೈ. ನಿಧಾನ.

"ತಾಯಿ."

"ಏನು?"

"ಕೊಟ್ರಯ್ಯ ಹೆಚ್ಚು ಬಿಟ್ಟುಬಿಟ್ಟರೆ?"

ನೀರಿನ ಸದ್ದು ನಿಂತಿತು.

"ನಾಲ್ಕು!" ಎಂದಿತು ಮೇಲಿನ ದನಿ.

ಶಾಂಭವಿ ತಾಯಿ ತಿಪ್ಪೇಶನನ್ನು ದಿಟ್ಟಿಸಿದರು.

"ನೀನು ಮೇಲಿದ್ದಾಗ ಅವನು ಒಂದು ದಿನವೂ ಇದನ್ನು ಕೇಳಲಿಲ್ಲ. ಬಿಡು."