ಜಾಗಟೆಯ ದನಿಗೆ ಬಿದ್ದ ಕಲ್ಲು

ಹೊಳೆದಂಡೆಯ ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಮಂಜು ಕವಿದ ಬೆಳಗುಗಳಲ್ಲಿ ನೀರಿನ ಮೇಲಿಂದ "ಓ" ಎಂದು ಕೂಗು ಬಂದರೆ, ಹರಿಗೋಲು ದಡ ಮುಟ್ಟುವವರೆಗೆ ಮೆಟ್ಟಿಲ ಮೇಲೆ ನಿಂತು ಜಾಗಟೆ ಬಾರಿಸಬೇಕು. ಹೊಳೆಯ ತುಂಬ ಬಂಡೆ. ಮಂಜಿನಲ್ಲಿ ಅಂಬಿಗರಿಗೆ ದಡ ತಿಳಿಯುವುದು ಕಿವಿಯಿಂದಲೇ.

ಅಂಥ ಒಂದು ಬೆಳಗ್ಗೆ ಪುಂಡಲೀಕ ಮಠಕ್ಕೆ ಬಂದ. ಹನ್ನೆರಡು ವರ್ಷ ಅಲ್ಲೇ ಓದಿ ಬೆಳೆದವನು, ಈಗ ಸೈನ್ಯಕ್ಕೆ ಡ್ರೋನ್ ಕಟ್ಟುವ ಎಂಜಿನಿಯರ್. ಎಲ್ಲರೂ ಅಜ್ಜಾರು ಎನ್ನುವ ಗುರು ಅಡವಯ್ಯನವರ ಮುಂದೆ ಒಂದು ಪುಟ್ಟ ಮಾದರಿ ಇಟ್ಟು ಕಾಲಿಗೆ ಬಿದ್ದ.

"ಅಜ್ಜಾರ, ಇದಕ್ಕೊಂದು ಹೆಸರಿಟ್ಟು ವಿಭೂತಿ ಹಚ್ರಿ."

"ಏನ್ ಮಾಡ್ತೈತಿ ಇದು?"

"ವೈರಿ ನೆಲದ ಮ್ಯಾಲೆ ತಾಸುಗಟ್ಟಲೆ ಸುಮ್ನ ಸುತ್ತತೈತ್ರಿ. ಕೆಳಗ ರಾಡಾರ್ ಅಲೆ ಬಿಟ್ಟಿತೋ, ಆ ಅಲೆಯ ಜಾಡು ಹಿಡಿದು ಅದರ ಮ್ಯಾಲೇ ಬಿದ್ದು ಸಿಡೀತೈತಿ."

"ಹೆದರಿ ಅಲೆ ಬಿಡದಿದ್ರ?"

"ಬಿಡದಿದ್ರ ಅವರು ಕುರುಡರಾದಂಗ. ಹೆಂಗಾದ್ರೂ ಗೆಲುವು ನಮ್ದ."

"ರಾಡಾರ್ ಹತ್ರ ಯಾರು ಕುಂತಿರ್ತಾರ?"

"ಇಬ್ರೋ ಮೂವರೋ ಇರ್ತಾರ್ರಿ. ಅವರ ಹೆಸರು ನಮಗ್ಯಾಕ?" ಪುಂಡಲೀಕ ನಕ್ಕ. "ಧ್ಯಾನಿ ಅಂತ ಇಡೋಣೇನ್ರಿ? ಸಿಟ್ಟಿಲ್ದ ಕಾಯೋದು ನಿಮ್ಮ ಹತ್ರಾನ ಕಲಿತದ್ದು."

ಅಜ್ಜಾರ ಮುಖ ಕೆಂಪಾಯಿತು. ಇಷ್ಟು ವರ್ಷ ಕಲಿಸಿದ್ದು ಇದಕ್ಕೋ ಎಂದು ಸಿಟ್ಟು ಬಂತು.

ಅಷ್ಟರಲ್ಲಿ ಹೊಳೆಯಿಂದ ಕೂಗು ಬಂತು. ಆಚೆ ದಡದಿಂದ ಜನರನ್ನು ತರುವ ಅಂಬಿಗರ ದುರುಗವ್ವನ ದನಿ.

ಅಜ್ಜಾರು ಜಾಗಟೆ ತೆಗೆದು ಶಿಷ್ಯನ ಕೈಗೆ ಕೊಟ್ಟರು. "ಹೋಗು, ಬಾರಿಸು."

ಪುಂಡಲೀಕ ಮೆಟ್ಟಿಲಿಳಿದು ಬಾರಿಸಿದ. ಹಿಂದಿನ ಮಂಜಿನೊಳಗಿಂದ ಕಲ್ಲೊಂದು ಬಂದು ಕಾಲ ಬಳಿ ಬಿತ್ತು. ಮತ್ತೆ ಬಾರಿಸಿದ. ಎರಡನೆಯ ಕಲ್ಲು ಹೆಗಲಿಗೆ ಬಡಿಯಿತು.

"ಅಜ್ಜಾರ! ಏನ್ ಮಾಡಾಕತ್ತೀರಿ?"

"ನೀ ನನಗ ಕಾಣವಲ್ಲಿ. ದನಿ ಬಂದ ಕಡೆ ಒಗೀತೀನಿ. ನಿನ್ನ ಹೆಸರು ನನಗ್ಯಾಕ?"

ಪುಂಡಲೀಕನ ಕೈ ನಿಂತಿತು. ಜಾಗಟೆ ನಿಂತದ್ದೇ ತಡ, ಹೊಳೆಯ ಮೇಲಿನ ಕೂಗು ದಿಕ್ಕು ತಪ್ಪಿತು. "ಓ... ದಡ ಎಲ್ಲೈತ್ರೋ?" ಹರಿಗೋಲಿನಲ್ಲಿ ಕೂಸೊಂದು ಅಳತೊಡಗಿತು.

"ಕಲ್ಲು ನಿಲ್ಲಸ್ರಿ! ಅವರು ಬಂಡೆಗೆ ಬಡೀತಾರ!"

"ಹಂಗಾರ ಬಾರಿಸು."

"ಬಾರಿಸಿದ್ರ ನೀವು ಹೊಡೀತೀರಿ!"

"ಸುಮ್ನ ನಿಂತ್ರ ಅವರು ಸಾಯ್ತಾರ. ಹೆಂಗಾದ್ರೂ ಗೆಲುವು ನಂದ, ಅಲ್ಲೇನು?"

ಪುಂಡಲೀಕ ಹಲ್ಲು ಕಚ್ಚಿ ಬಾರಿಸಿದ. ಕಲ್ಲು ಬಿದ್ದು ಹುಬ್ಬು ಒಡೆಯಿತು. ಕಣ್ಣಿಗೆ ಇಳಿದ ರಕ್ತ ಕೈಮೇಲೆ ತೊಟ್ಟಿಕ್ಕಿತು. ಆದರೂ ಅವನು ಕೈ ನಿಲ್ಲಿಸಲಿಲ್ಲ.

ಕೊನೆಗೆ ಮಂಜಿನಿಂದ ಹರಿಗೋಲು ಹೊರಬಂತು. ಒಂದು ಬದಿ ಬಂಡೆಗೆ ಬಡಿದು ಹರಿದಿತ್ತು. ಒಳಗಿನ ಐದು ಜನರ ಮೊಣಕಾಲವರೆಗೆ ನೀರು. ದುರುಗವ್ವ ಅಳುವ ಕೂಸನ್ನು ಅದರ ತಾಯಿಗೆ ಕೊಟ್ಟು ಮೆಟ್ಟಿಲಿಗೆ ಹಾರಿದಳು.

"ಜಾಗಟೆ ನಿಲ್ಸಿದ ಪಾಪಿ ಯಾರೋ? ಎಲ್ಲಾರ್ನೂ ಮುಳುಗಿಸಿಬಿಡ್ತಿದ್ಯಲ್ಲೋ!"

ಅಜ್ಜಾರು ಇಳಿದು ಬಂದರು. ಒಂದು ಮುಷ್ಟಿಯಲ್ಲಿ ಇನ್ನೂ ಕಲ್ಲುಗಳಿದ್ದವು. ಇನ್ನೊಂದು ಕೈಯಲ್ಲಿದ್ದ ಪುಟ್ಟ ಮಾದರಿಯನ್ನು ಅವರು ಪುಂಡಲೀಕನ ರಕ್ತದ ಕೈಗೆ ತುರುಕಿದರು.

"ಇದಕ್ಕ ಹೆಸರು ಬೇಕಂದ್ಯಲ್ಲ, ಆಕೀನ ಕೇಳು."