ಫಿನಾಯಿಲ್ ಕುಡಿದ ಗುಂಡಿ

ಹೊಳೆಯ ದಂಡೆಯ ಮೇಲೆ ಮುರಿಗೆಜ್ಜನವರ ಮಠ. ಹೊಳೆ ಒಂದು ಸಲ ಸೊಕ್ಕಿ ಬಂದು ಅರ್ಧ ಹೊಲ ನುಂಗಿದ ಮೇಲೆ, ಅಜ್ಜನವರು ದಂಡೆಯುದ್ದಕ್ಕೂ ಹೊಂಗೆ, ಮತ್ತಿ ಸಸಿ ಹಚ್ಚಿ ಬೆಳೆಸಿದ್ದರು.

ಆ ಮರಗಳನ್ನು ಯಾರೂ ಒಲೆಗೆ ಕಡಿಯಬಾರದೆಂದೇ ಮಠದಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ್ದು. ದಾಸೋಹದ ಅಡುಗೆಯೆಲ್ಲ ಅದರ ಉರಿಯಲ್ಲೇ. ಗುಂಡಿಯಿಂದ ಹೊರಬಿದ್ದ ರಾಡಿ ಜೋಳದ ಹೊಲಕ್ಕೆ ಹೋಗುತ್ತಿತ್ತು.

ದನಗಳನ್ನೂ ಗುಂಡಿಯನ್ನೂ ನೋಡಿಕೊಳ್ಳುವವನು ಶಿಷ್ಯ ಕೊಟ್ರಯ್ಯ. ಮೈಗಳ್ಳನಲ್ಲ, ಆದರೆ ಚೊಕ್ಕಟತನದ ಹುಚ್ಚು ಹತ್ತಿಸಿಕೊಂಡವನು. ಭಕ್ತರು ಕೊಟ್ಟಿಗೆಯ ಹತ್ತಿರ ಮೂಗು ಮುಚ್ಚಿಕೊಂಡರೆ ಅವನ ಪ್ರಾಣ ಹೋದ ಹಾಗಾಗುತ್ತಿತ್ತು.

ಪೇಟೆಯಿಂದ ಫಿನಾಯಿಲ್ ತರಿಸಿ ದಿನಾ ಕೊಟ್ಟಿಗೆ ತೊಳೆಯತೊಡಗಿದ. ಬಂದವರು ಹೊಗಳಿದರು. ಕೊಟ್ರಯ್ಯ ಉಬ್ಬಿಹೋದ.

ಒಲೆಯ ಉರಿ ಮಾತ್ರ ಸಣ್ಣಗಾಗುತ್ತ ಬಂತು.

ಸಗಣಿ ಸಾಲದೇನೋ ಎಂದು ಇನ್ನಷ್ಟು ಸುರಿದ. ಗುಂಡಿ ಹುಳಿಹುಳಿ ನಾರಿತು. ನಾತ ಹೋಗಲೆಂದು ಫಿನಾಯಿಲನ್ನೂ ಇನ್ನಷ್ಟು ಸುರಿದ.

ಮಳೆಗಾಲದ ಒಂದು ಬೆಳಿಗ್ಗೆ ಎಷ್ಟು ಕಡ್ಡಿ ಗೀರಿದರೂ ಒಲೆ ಹೊತ್ತಲಿಲ್ಲ.

"ಅಜ್ಜಾರ, ಗುಂಡಿ ಕೆಟ್ಟೈತ್ರಿ."

ಅಜ್ಜನವರು ಬಂದು ಕೊಟ್ಟಿಗೆಯ ಗಟಾರದ ಬಳಿ ಕುಕ್ಕರಗಾಲಿನಲ್ಲಿ ಕೂತರು.

"ಈ ನೀರು ಎಲ್ಲಿಗೆ ಹೊಕ್ಕೈತೋ?"

"ಗುಂಡಿಗೆ ರೀ."

"ಇದರಾಗ ಫಿನಾಯಿಲ್ ಯಾಕ ಹಾಕಿದಿ?"

"ಹುಳಾ ಸಾಯ್ಲಿ ಅಂತ್ರಿ."

"ಸತ್ತಾವಲ್ಲಪಾ."

ಕೊಟ್ರಯ್ಯ ಪಿಳಿಪಿಳಿ ಕಣ್ಣು ಬಿಟ್ಟ.

"ಸಗಣಿ ತಾನಾಗೇ ಗ್ಯಾಸ್ ಆಗತೈತೇನು? ಗುಂಡಿಯೊಳಗ ಕಣ್ಣಿಗೆ ಕಾಣದ ಹುಳಾ ಇರತಾವ. ಅವು ಸಗಣಿ ತಿಂದು ನಮಗ ಉರಿ ಕೊಡತಿದ್ವು."

ಕೊಟ್ರಯ್ಯ ಅಲ್ಲೇ ಕುಸಿದ. ಅನ್ನ ಬೇಯಿಸಿಕೊಟ್ಟವರಿಗೇ ವಿಷ ಇಕ್ಕಿದೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ.

"ಗುಂಡಿ ಬಳದು ಹೊಸಾ ಸಗಣಿ ತುಂಬತೀನ್ರಿ. ಮತ್ತ ಜೀವ ಬರತೈತಲ್ರಿ?"

"ಬಂದರ ಬರಬಹುದು. ಮಳಿಗಾಲ ಮುಗಿಯೂತನಕ ಆಸೆ ಇಟಗೋಬ್ಯಾಡ."

ದಾಸೋಹದ ಮನೆಯಲ್ಲಿ ಆಗಲೇ ಜನ ಸಾಲಾಗಿ ಕೂತಿದ್ದರು. ಮೇಲಿನ ಊರಿನಲ್ಲಿ ಹೊಳೆ ನುಗ್ಗಿ ಮನೆ ಕಳೆದುಕೊಂಡವರು. ಮಕ್ಕಳು ಹಸಿದು ಚೀರುತ್ತಿದ್ದವು. ಪೇಟೆಯ ದಾರಿ ಮುಳುಗಿತ್ತು, ಸಿಲಿಂಡರ್ ತರುವ ಮಾತೇ ಇಲ್ಲ. ಗ್ಯಾಸ್ ಬಂದ ಮೇಲೆ ಮಠದಲ್ಲಿ ಒಲೆಗೆ ಸಗಣಿಯ ಕುಳ್ಳು ತಟ್ಟುವುದನ್ನೇ ಬಿಟ್ಟಿದ್ದರು.

"ಅವರಿಗೆ ಏನು ಕೊಡೂನ್ರಿ ಅಜ್ಜಾರ?"

ಅಜ್ಜನವರು ಒಳಗೆ ಹೋಗಿ ತುಕ್ಕು ಹಿಡಿದ ಕೊಡಲಿ ತಂದು ಅವನ ಕೈಗಿಟ್ಟರು.

ಕೊಟ್ರಯ್ಯ ದಂಡೆಯ ಕಡೆ ನೋಡಿದ. ಕೆಂಪು ನೀರು ಮರಗಳ ಬುಡಕ್ಕೆ ಬಂದು ಬಡಿಯುತ್ತಿತ್ತು. ಒಂದು ಮರ ಹೋದರೂ ಅಲ್ಲಿಂದಲೇ ಹೊಳೆ ಒಳಗೆ ಬರುತ್ತದೆಂದು ಅವನಿಗೂ ಗೊತ್ತಿತ್ತು. ಬೇರೆ ಮರಗಳು ಆ ಬಯಲಿನಲ್ಲಿ ಇರಲಿಲ್ಲ.

ಕೊಡಲಿಯನ್ನು ಹೆಗಲಿಗೇರಿಸಿದ.

"ಯಾವ ಮರ ಕಡೀಲ್ರಿ ಅಜ್ಜಾರ?"

ಅಜ್ಜನವರು ಮರಗಳತ್ತ ತಿರುಗಲಿಲ್ಲ.

"ನಾತ ಅಂದ್ರ ನಿನಗ ಆಗೂದಿಲ್ಲಲ್ಲ, ಯಾವುದು ನಾರತೈತೋ ನೋಡು. ಅದನ್ನ ಕಡಿ."