ಗೀಜಗ ಹಿಡಿದ ಕ್ರೋಶಾ ಕಡ್ಡಿ

ಗೀಜಗವೊಂದು ಕಟ್ಟಿದ ಎರಡು ಗೂಡುಗಳನ್ನೂ ಹೆಣ್ಣುಹಕ್ಕಿ ನೋಡಿ ಬೇಡವೆಂದಿತು. "ಗಟ್ಟಿಯಾಗೇನೋ ಇದೆ. ಆದರೆ ನಾನು ಒಳಗೆ ಬರುವುದೆಲ್ಲಿಂದ?" ಎಂದು ಕೇಳಿ ಹಾರಿಹೋಯಿತು. ಆ ಮಾತಿನ ತಲೆಬುಡ ಗೀಜಗಕ್ಕೆ ಅರ್ಥವಾಗಲಿಲ್ಲ. ಹುಲ್ಲೇ ಸರಿಯಿಲ್ಲದಿರಬೇಕು, ಉಣ್ಣೆಯಲ್ಲಿ ಕಟ್ಟಿದರೆ ಒಪ್ಪಿಯಾಳು, ಮೂರನೆಯದೂ ಬೇಡವೆಂದರೆ ಈ ವರ್ಷ ಒಂಟಿಬಾಳೇ ಗತಿ ಎಂದುಕೊಂಡು, ಅದು ಮನೆಯೊಂದರ ಕಿಟಕಿಯಲ್ಲಿ ಉಣ್ಣೆಯ ಬುಟ್ಟಿಯಲ್ಲಿದ್ದ, ತುದಿಗೆ ಕೊಕ್ಕೆಯಿರುವ ಕ್ರೋಶಾ ಕಡ್ಡಿಯ ಬಳಿಗೆ ಬಂದಿತು.

"ಗುರುಗಳೇ, ಹೆಣಿಗೆ ಕಲಿಸಿ. ಕಟ್ಟುವ ಕೆಲಸ ನನಗೆ ಹೊಸದಲ್ಲ."

"ಹಾಗಾದರೆ ಕಷ್ಟ," ಎಂದಿತು ಕಡ್ಡಿ. "ಇರಲಿ. ದಾರದಲ್ಲಿ ಒಂದು ಕುಣಿಕೆ ಮಾಡು. ಅದರೊಳಗಿಂದ ದಾರ ಎಳೆದು ಇನ್ನೊಂದು ಮಾಡು. ಎಲ್ಲವೂ ಸಡಿಲವಾಗಿರಲಿ."

ಸಡಿಲವೇ? ಗಾಳಿಗೆ ಬಿಚ್ಚಿಕೊಂಡರೆ ಮರಿಗಳ ಗತಿಯೇನು? ಗುರುಗಳು ಬಾಯಿತಪ್ಪಿ ಹೇಳಿರಬೇಕೆಂದು ಗೀಜಗ ಒಂದೊಂದು ಕುಣಿಕೆಯನ್ನೂ ಕಾಲಲ್ಲಿ ಮೆಟ್ಟಿ, ಕೊಕ್ಕಿನಲ್ಲಿ ಜಗ್ಗಿ ಬಿಗಿಯಿತು. ಇಪ್ಪತ್ತು ಕುಣಿಕೆಗಳ ಸಾಲು ತಂತಿಯಂತೆ ಸೆಟೆದು ನಿಂತಿತು.

"ಈಗ ಹಿಂದಕ್ಕೆ ತಿರುಗು," ಎಂದಿತು ಕಡ್ಡಿ. "ಎರಡನೇ ಸಾಲಿಗೆ ಇದೇ ಕುಣಿಕೆಗಳೊಳಗೆ ನನ್ನನ್ನು ತೂರಿಸು."

ಗೀಜಗ ತೂರಿಸಲು ನೋಡಿತು. ಕಡ್ಡಿ ಮೊದಲನೆಯದರಲ್ಲಿ ಹೋಗಲಿಲ್ಲ, ಎರಡನೆಯದರಲ್ಲೂ ಹೋಗಲಿಲ್ಲ. ಸಾಲನ್ನು ತಲೆಕೆಳಗು ಮಾಡಿ ಹುಡುಕಿದರೂ ಎಲ್ಲೂ ಒಂದು ಸಂದು ಸಿಗಲಿಲ್ಲ.

"ಒಂದೂ ಬಿಚ್ಚಿಕೊಂಡಿಲ್ಲವಲ್ಲ, ಗುರುಗಳೇ! ತಪ್ಪೆಲ್ಲಿ?"

"ಗಟ್ಟಿಯಾಗೇನೋ ಇದೆ," ಎಂದಿತು ಕಡ್ಡಿ. "ಆದರೆ ನಾನು ಒಳಗೆ ಬರುವುದೆಲ್ಲಿಂದ?"

ಗೀಜಗ ಸೆಟೆದ ಸಾಲನ್ನು ಕೆಳಗಿಟ್ಟಿತು. ಆಮೇಲೆ ಮೆಲ್ಲಗೆ ಕೇಳಿತು:

"ಗುರುಗಳೇ, ನನ್ನ ಗೂಡು ಬೇಡವೆಂದು ಹೋದವಳು ನಿಮಗೇನಾದರೂ ಸಿಕ್ಕಿದ್ದಳೇ?"